ನಾಮಕರಣವಿಚಾರ: ಎರಡು ನಾಡುಗಳ ಹೆಣ್ಣುಶಿಶುವಿಗೆ ಒಂದು ಹೆಸರು

ಕಾರ್ತೀಕಮಾಸದ ಒಂದು ಸಂಜೆ ಪ್ರವಚನ ಮುಗಿದು ಮಂಗಳಾರತಿಯಾದ ಮೇಲೆ ವೃದ್ಧ ದಂಪತಿಗಳೊಬ್ಬರು ನಮ್ಮ ಬಳಿ ಬಂದು ನಿಂತರು. ಅವರ ಮಗಳು ಜರ್ಮನಿಯಲ್ಲಿ ಉದ್ಯೋಗದಲ್ಲಿರುವವಳು; ಅಲ್ಲಿಯವನನ್ನೇ ವಿವಾಹವಾದವಳು. ಆಕೆಗೆ ಹೆಣ್ಣುಶಿಶು ಜನಿಸಿ ನಾಲ್ಕು ದಿನಗಳಾಗಿದ್ದವು. ಹೆಸರನ್ನು ಕುರಿತು ಎರಡು ಮನೆಗಳಲ್ಲಿಯೂ ಮಾತು ಬೆಳೆದು, ಆ ಮಾತು ಈಗ ಮೌನಕ್ಕೆ ತಿರುಗಿತ್ತು. ಅಜ್ಜಿಯ ಆಸೆ ತಮ್ಮ ಅತ್ತೆಯವರಾದ ಇಂದಿರಾಬಾಯಿಯವರ ಹೆಸರೇ ಮಗುವಿಗೆ ಬರಲಿ ಎಂಬುದು. ಶಿಶುವಿನ ತಂದೆತಾಯಿಗಳು ಆರಿಸಿದ್ದ ಹೆಸರು ‘ಮಾಯಾ’. ಅದನ್ನು ಕೇಳಿದೊಡನೆ ಅಜ್ಜನವರು, “ಜಗತ್ತು ಸತ್ಯವೆಂದು ಸಾರುವ ಮತದಲ್ಲಿ ಹುಟ್ಟಿದವರು ನಾವು. ನಮ್ಮ ಮೊಮ್ಮಗಳಿಗೆ ಮಾಯೆ ಎಂದು ಹೆಸರೆ?” ಎಂದು ದೂರವಾಣಿಯನ್ನು ಕೆಳಗಿಟ್ಟುಬಿಟ್ಟಿದ್ದರು. ಮಗಳು ಮರುದಿನ ಕರೆ ಮಾಡಿರಲಿಲ್ಲ.

ಈ ಪ್ರಶ್ನೆ ಆ ಒಂದು ಮನೆಯದು ಮಾತ್ರವಲ್ಲ. ಇಂದು ನಮ್ಮ ಅನೇಕ ಕುಟುಂಬಗಳಲ್ಲಿ ಮಗನೋ ಮಗಳೋ ಸೊಸೆಯೋ ಹೊರನಾಡಿನಲ್ಲಿದ್ದಾರೆ. ಅಲ್ಲಿ ಹುಟ್ಟುವ ಶಿಶುವನ್ನು ಒಂದು ನಾಡು ಬೆಳಗಿನಿಂದ ಸಂಜೆಯವರೆಗೆ ಕರೆಯುತ್ತದೆ. ಇನ್ನೊಂದು ನಾಡು ಹಬ್ಬದ ದಿನಗಳಲ್ಲಿ, ಸಂಕಲ್ಪದಲ್ಲಿ, ಅಜ್ಜ ಅಜ್ಜಿಯರ ಬಾಯಿಯಲ್ಲಿ ಕರೆಯುತ್ತದೆ. ಎರಡೂ ಕರೆಗಳಿಗೆ ಓಗೊಡುವ ಹೆಸರು ಯಾವುದು? ಈ ಬಗೆಯ ವಿವಾಹಗಳ ವಿಚಾರ ಪ್ರಕೃತ ಲೇಖನದ ವಿಷಯವಲ್ಲ. ಇಂತಹ ಪ್ರಸಂಗಗಳಲ್ಲಿ ವೈದಿಕವಿಧಿಯನ್ನು ಯಾರು ಹೇಗೆ ಆಚರಿಸಬೇಕೆಂಬುದನ್ನೂ ತಮ್ಮ ತಮ್ಮ ಮಠದ ವಿದ್ವಾಂಸರಿಂದಲೇ ಕೇಳಿ ತಿಳಿಯಬೇಕು. ಇಲ್ಲಿ ಹೆಸರಿನ ಆಯ್ಕೆಯನ್ನು ಮಾತ್ರ ವಿಚಾರ ಮಾಡೋಣ.

ಶಾಸ್ತ್ರವು ಹೇಳುವುದೇನು?

ಷೋಡಶಸಂಸ್ಕಾರಗಳಲ್ಲಿ ನಾಮಕರಣವೂ ಒಂದು. ಜನನಾಶೌಚದ ಹತ್ತು ದಿನಗಳು ಕಳೆದ ಮೇಲೆ, ಹನ್ನೊಂದನೆಯ ಅಥವಾ ಹನ್ನೆರಡನೆಯ ದಿನ ಇದನ್ನು ನೆರವೇರಿಸುವುದು ನಮ್ಮ ಮನೆಗಳಲ್ಲಿ ರೂಢಿ. ಹೆಣ್ಣುಶಿಶುವಿನ ಹೆಸರು ಹೇಗಿರಬೇಕೆಂಬುದನ್ನು ಸ್ಮೃತಿಕಾರರು ಬಹು ಮೃದುವಾಗಿ ಹೇಳಿದ್ದಾರೆ. ಮನುವಿನ ಅಭಿಪ್ರಾಯದಂತೆ ಅದು ಸುಖವಾಗಿ ಉಚ್ಚರಿಸಲು ಬರುವಂತಿರಬೇಕು; ಕ್ರೂರಾರ್ಥವನ್ನು ಕೊಡಬಾರದು; ಅರ್ಥ ಸ್ಪಷ್ಟವಾಗಿರಬೇಕು; ಮನೋಹರವೂ ಮಂಗಳಕರವೂ ಆಗಿರಬೇಕು; ದೀರ್ಘಸ್ವರದಲ್ಲಿ ಕೊನೆಗೊಳ್ಳಬೇಕು; ಆಶೀರ್ವಾದದ ಧ್ವನಿ ಅದರಲ್ಲಿರಬೇಕು. ಆಶ್ವಲಾಯನ ಗೃಹ್ಯಸೂತ್ರವು ಪುರುಷರಿಗೆ ಸಮಸಂಖ್ಯೆಯ ಅಕ್ಷರಗಳನ್ನೂ ಸ್ತ್ರೀಯರಿಗೆ ವಿಷಮಸಂಖ್ಯೆಯ ಅಕ್ಷರಗಳನ್ನೂ ವಿಧಿಸುತ್ತದೆ. ಪಾರಸ್ಕರರು ಇದರೊಡನೆ ಹೆಣ್ಣಿನ ಹೆಸರು ಆಕಾರಾಂತವಾಗಿರಲಿ ಎನ್ನುತ್ತಾರೆ.

ಇವುಗಳಲ್ಲಿ ಮೊದಲನೆಯ ನಿಯಮವನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ‘ಸುಖವಾಗಿ ಉಚ್ಚರಿಸಲು ಬರಬೇಕು’ ಎಂದರೆ ಯಾರಿಗೆ? ಆ ಶಿಶುವನ್ನು ಕರೆಯುವವರಿಗೆ ಎಂದೇ ಅರ್ಥ ಮಾಡಬೇಕು. ಹಿಂದೆ ಕರೆಯುವವರೆಲ್ಲರೂ ಒಂದೇ ಅಗ್ರಹಾರದಲ್ಲಿದ್ದರು. ಈಗ ಅವರಲ್ಲಿ ಅರ್ಧ ಜನ ಬೇರೆ ಭಾಷೆಯವರಾದರೆ, ಅವರ ನಾಲಗೆಯ ಸುಖವನ್ನೂ ನೋಡುವುದು ಶಾಸ್ತ್ರಕ್ಕೆ ವಿರುದ್ಧವಾಗದು. ಅದು ಶಾಸ್ತ್ರದ ಆಶಯವೇ ಆಗಿದೆ.

ವಿಷಮಸಂಖ್ಯೆಯ ನಿಯಮವನ್ನು ಕುರಿತು ಒಂದು ಸಂದೇಹ ಬರಬಹುದು. ಸೀತಾ, ರಮಾ, ಪದ್ಮಾ ಎಂಬ ಹೆಸರುಗಳೆಲ್ಲ ಎರಡೇ ಅಕ್ಷರಗಳವು. ಶಿಷ್ಟರ ಮನೆಗಳಲ್ಲಿ ಅವು ತಲೆತಲಾಂತರಗಳಿಂದ ನಡೆದುಬಂದಿವೆ. ಆದುದರಿಂದ ಈ ನಿಯಮವನ್ನು ಉತ್ತಮಪಕ್ಷವೆಂದು ತಿಳಿಯಬೇಕೇ ಹೊರತು ಉಳಿದುದೆಲ್ಲ ನಿಷಿದ್ಧವೆಂದು ತಿಳಿಯಬಾರದು.

ಒಬ್ಬರಿಗೆ ಒಂದೇ ಹೆಸರಲ್ಲ

ನಮ್ಮ ಸಂಪ್ರದಾಯದಲ್ಲಿ ಶಿಶುವಿಗೆ ಇಡುವುದು ಒಂದು ಹೆಸರನ್ನಲ್ಲ. ಕುಲದೇವತೆಯ ಸಂಬಂಧದ ಹೆಸರು, ಮಾಸನಾಮ, ನಕ್ಷತ್ರನಾಮ, ವ್ಯಾವಹಾರಿಕನಾಮ ಎಂದು ನಾಲ್ಕು ಬಗೆ. ಮಾರ್ಗಶಿರಕ್ಕೆ ಕೇಶವ, ಪುಷ್ಯಕ್ಕೆ ನಾರಾಯಣ, ಮಾಘಕ್ಕೆ ಮಾಧವ ಎಂದು ಮೊದಲುಗೊಂಡು ಕಾರ್ತೀಕಕ್ಕೆ ದಾಮೋದರನವರೆಗೆ ಹನ್ನೆರಡು ಭಗವದ್ರೂಪಗಳು ಹನ್ನೆರಡು ಮಾಸಗಳಿಗೆ ನಿಯಾಮಕರು. ಮಾಸನಾಮವು ಆ ರೂಪದ ಸ್ಮರಣೆಯಿಂದ ಬರುತ್ತದೆ. ಇವುಗಳಲ್ಲಿ ನೆರೆಹೊರೆಯವರ, ಶಾಲೆಯ, ಸರಕಾರದ ಕೈಗೆ ಹೋಗುವುದು ವ್ಯಾವಹಾರಿಕನಾಮ ಒಂದೇ. ಉಳಿದ ಮೂರು ದೇವರಿಗೂ ಮನೆಗೂ ಸೇರಿದವು. ಯಾವ ನಾಡಿನಲ್ಲಿದ್ದರೂ ಅವನ್ನು ಯಾರೂ ತೆಗೆದುಕೊಳ್ಳಲಾರರು. ಜಗಳವೆಲ್ಲ ಹುಟ್ಟುವುದು ನಾಲ್ಕರ ಭಾರವನ್ನೂ ಒಂದೇ ಹೆಸರಿನ ಮೇಲೆ ಹೇರಿದಾಗ.

ಒಬ್ಬರಿಗೆ ಅನೇಕ ನಾಮಗಳು ಇರುವುದು ನಮಗೆ ಹೊಸದೂ ಅಲ್ಲ. ಪಾಜಕದಲ್ಲಿ ಮಧ್ಯಗೇಹ ಭಟ್ಟರು ತಮ್ಮ ಶಿಶುವಿಗೆ ಇಟ್ಟ ಹೆಸರು ವಾಸುದೇವ. ಆ ವಾಸುದೇವನೇ ಸಂನ್ಯಾಸದಲ್ಲಿ ಪೂರ್ಣಪ್ರಜ್ಞರು, ವೇದಾಂತಪೀಠದಲ್ಲಿ ಆನಂದತೀರ್ಥರು, ಲೋಕಕ್ಕೆ ಮಧ್ವಾಚಾರ್ಯರು. ದ್ರುಪದನ ಮಗಳೆಂದು ದ್ರೌಪದಿ, ಪಾಂಚಾಲದೇಶದವಳೆಂದು ಪಾಂಚಾಲಿ, ಮೈಬಣ್ಣದಿಂದ ಕೃಷ್ಣೆ, ಮೂರೂ ಒಬ್ಬಳೇ. ತಂದೆಯ ಸಂಬಂಧಕ್ಕೆ ಒಂದು ಹೆಸರು, ನಾಡಿನ ಸಂಬಂಧಕ್ಕೆ ಇನ್ನೊಂದು ಹೆಸರು ಇದ್ದರೆ ಅವಳ ಸ್ವರೂಪವು ಎರಡಾಗಿ ಒಡೆಯಲಿಲ್ಲ. ಎರಡು ನಾಡುಗಳ ನಮ್ಮ ಮೊಮ್ಮಗಳ ವಿಷಯದಲ್ಲಿಯೂ ಹೀಗೆಯೇ ತಿಳಿಯಬೇಕು.

ಸರ್ವಶಬ್ದವಾಚ್ಯತ್ವ ಮತ್ತು ಹೆಸರಿನ ಆಯ್ಕೆ

ಇಲ್ಲಿ ಒಂದು ಆಕ್ಷೇಪ. ಬ್ರಹ್ಮಸೂತ್ರದ ಸಮನ್ವಯಾಧ್ಯಾಯದಲ್ಲಿ ಶ್ರೀಮದಾಚಾರ್ಯರು ಸಕಲಶಬ್ದಗಳಿಗೂ ಮುಖ್ಯವಾಚ್ಯನು ಶ್ರೀಹರಿಯೇ ಎಂದು ನಿರ್ಣಯಿಸಿದ್ದಾರೆ. ವೈದಿಕಶಬ್ದಗಳು, ಲೌಕಿಕಶಬ್ದಗಳು, ಸಮುದ್ರದ ಘೋಷ, ಮೇಘದ ಗರ್ಜನೆ, ಭೇರಿಯ ನಾದ ಎಲ್ಲವೂ ಅವನನ್ನೇ ಹೇಳುತ್ತವೆ. ಹಾಗಿದ್ದ ಮೇಲೆ ಯಾವ ಹೆಸರಾದರೇನು? ಜರ್ಮನಿಯ ಹೆಸರೂ ಹರಿಯ ಹೆಸರೇ ಅಲ್ಲವೆ?

ಇದಕ್ಕೆ ಸಮಾಧಾನ ಹೀಗೆ. ತತ್ತ್ವದೃಷ್ಟಿಯಿಂದ ಆ ಮಾತು ಸತ್ಯ. ಆದುದರಿಂದ ಹೊರನಾಡಿನ ಶಬ್ದವೆಂಬ ಕಾರಣಕ್ಕೇ ಒಂದು ಹೆಸರನ್ನು ಹೀನವೆಂದು ನೋಡಲು ನಮ್ಮ ಸಿದ್ಧಾಂತದಲ್ಲಿ ಆಸ್ಪದವಿಲ್ಲ. ಆದರೆ ಎಲ್ಲ ಶಬ್ದಗಳಲ್ಲಿಯೂ ಹರಿಯನ್ನು ಕಾಣುವುದು ಅನುಸಂಧಾನವುಳ್ಳ ಜ್ಞಾನಿಗೆ ಸಾಧ್ಯ. ತೊಟ್ಟಿಲನ್ನು ತೂಗುವ ನಮಗೆ, ಕರೆದೊಡನೆಯೇ ಭಗವಂತನ ಅಥವಾ ಅವನ ಪರಿವಾರದ ನೆನಪು ತರುವ ಶಬ್ದವೇ ಸುಲಭದ ದಾರಿ. ಭಾಗವತದ ಷಷ್ಠಸ್ಕಂಧದ ಅಜಾಮಿಳನು ಮರಣಕಾಲದಲ್ಲಿ ಕೂಗಿದುದು ತನ್ನ ಮಗನನ್ನು. ಆ ಮಗನಿಗೆ ನಾರಾಯಣನೆಂಬ ಹೆಸರಿದ್ದುದರಿಂದ ಅವನಿಗೆ ಸ್ವಾಮಿಯ ಸ್ಮರಣೆ ಬಂದಿತೆಂದು ಹಿರಿಯರು ವಿವರಿಸುತ್ತಾರೆ. ಮಕ್ಕಳ ಹೆಸರು ದಿನಕ್ಕೆ ಹತ್ತಾರು ಬಾರಿ ತಾನಾಗಿ ನಡೆಯುವ ಒಂದು ಸ್ಮರಣೆ. ಆ ಅವಕಾಶವನ್ನು ಏಕೆ ಬಿಡಬೇಕು?

ಹೀಗೆ ನಮಗೆ ಎರಡು ನಿಯಮಗಳು ದೊರೆತವು. ಹೆಸರು ದೇವತಾಸ್ಮರಣೆಯನ್ನು ತರಬೇಕು. ಮತ್ತು ಕರೆಯುವ ಎಲ್ಲರ ನಾಲಗೆಗೂ ಸುಖವಾಗಿರಬೇಕು.

ನಾಲಗೆಯ ಪರೀಕ್ಷೆ

ಕನ್ನಡದ ಮಹಾಪ್ರಾಣಗಳು, ಟವರ್ಗದ ಅಕ್ಷರಗಳು, ಳಕಾರ, ಒತ್ತಕ್ಷರಗಳು ಪಾಶ್ಚಾತ್ಯರಿಗೆ ಕಷ್ಟ. ಲಕ್ಷ್ಮೀ ಎಂಬಲ್ಲಿನ ಕ್ಷ್ಮಕಾರ, ಧೃತಿ ಎಂಬಲ್ಲಿನ ಧೃಕಾರ ಅವರಲ್ಲಿ ಉಳಿಯುವುದಿಲ್ಲ. ಭಾರತೀ ಎಂಬ ವಾಯುಪತ್ನಿಯ ನಾಮವು ‘ಬಾರತಿ’ಯಾಗುತ್ತದೆ. ರೋಮನ್ ಲಿಪಿಯಲ್ಲಿ ಹ್ರಸ್ವದೀರ್ಘಗಳ ಭೇದವೂ ಮರೆಯಾಗುತ್ತದೆ. ರಮಾ ಎಂದು ಲಕ್ಷ್ಮೀದೇವಿಯ ಹೆಸರನ್ನು ಆರ್, ಎ, ಎಂ, ಎ ಎಂದು ಬರೆದರೆ ಓದುವವನು ‘ರಾಮ’ ಎಂದು ಓದುತ್ತಾನೆ. ಹುಡುಗಿಗೆ ಹುಡುಗನ ಹೆಸರಾಗುತ್ತದೆ.

ಆಯಾ ದೇಶದ ಲಿಪಿಯ ಪದ್ಧತಿಯನ್ನೂ ನೋಡಬೇಕು. ಜರ್ಮನ್ ಭಾಷೆಯಲ್ಲಿ ‘ಜೆ’ ಅಕ್ಷರಕ್ಕೆ ಯಕಾರದ ಉಚ್ಚಾರ. ಜಯಾ ಎಂಬ ಹೆಸರನ್ನು ಅವರು ‘ಯಾಯಾ’ ಎನ್ನುವರು. ಸ್ವರದ ಮುಂದಿನ ‘ಎಸ್’ ಅಕ್ಷರಕ್ಕೆ ಅವರಲ್ಲಿ ಝಕಾರದ ಛಾಯೆ. ಸೀತಾ ಎಂಬುದು ‘ಝೀತಾ’ ಆಗುವುದು. ಆದರೆ ಝೀತಾ ಎಂಬುದು ಯೂರೋಪಿನಲ್ಲಿ ಹಳೆಯ ಹೆಸರು. ಆಸ್ಟ್ರಿಯಾದ ಕೊನೆಯ ಸಾಮ್ರಾಜ್ಞಿಯ ಹೆಸರೂ ಅದೇ. ಆದ್ದರಿಂದ ಅಲ್ಲಿ ಸೀತೆ ಅಪರಿಚಿತಳಾಗುವುದಿಲ್ಲ, ಉಚ್ಚಾರ ಮಾತ್ರ ಕೊಂಚ ಬಾಗುತ್ತದೆ. ಕೆಲವೆಡೆ ಅರ್ಥವೇ ಕೆಡುವುದುಂಟು. ಕಮಲಾ ಎಂಬುದು ನಮಗೆ ಸಾಕ್ಷಾತ್ ಲಕ್ಷ್ಮಿಯ ನಾಮ. ಅದೇ ಧ್ವನಿಯ ಶಬ್ದಕ್ಕೆ ಫಿನ್ಲೆಂಡಿನ ಭಾಷೆಯಲ್ಲಿ ‘ಭಯಂಕರವಾದುದು’ ಎಂಬ ಅರ್ಥವಿದೆ. ಅಮೆರಿಕಾದಲ್ಲಿ ಆ ಹೆಸರಿನ ಮಹಿಳೆ 2021ರಿಂದ 2025ರವರೆಗೆ ಉಪಾಧ್ಯಕ್ಷರಾಗಿದ್ದರು. ಅಲ್ಲಿ ಯಾವ ತೊಂದರೆಯೂ ಇಲ್ಲದ ಹೆಸರು ಫಿನ್ಲೆಂಡಿನ ಶಾಲೆಯಲ್ಲಿ ಪುಟ್ಟ ಬಾಲಿಕೆಗೆ ದುಃಖ ತಂದೀತು. ಆದ್ದರಿಂದ ‘ವಿದೇಶ’ ಎಂದು ಒಟ್ಟಾಗಿ ಎಣಿಸದೆ, ಮಗು ಬೆಳೆಯುವ ದೇಶ ಯಾವುದು, ಅದರ ಭಾಷೆ ಯಾವುದು ಎಂದು ವಿಚಾರಿಸಬೇಕು.

ಈ ಪರೀಕ್ಷೆಯಲ್ಲಿ ಉಳಿದುಬರುವ ನಮ್ಮ ಹೆಸರುಗಳು ಕಡಿಮೆಯೇನಲ್ಲ. ಶ್ರೀಕೃಷ್ಣನ ಷಣ್ಮಹಿಷಿಯರಲ್ಲಿ ಒಬ್ಬಳಾದ ನೀಲಾ. ಭಗವಂತನ ಸೃಷ್ಟ್ಯಾದಿಗಳಿಗೆ ಸೂತ್ರಕಾರರು ಬಳಸಿದ ಶಬ್ದವಾದ ಲೀಲಾ. ಕನ್ಯಾಪಂಚಕದಲ್ಲಿ ಸ್ಮರಿಸಲ್ಪಡುವ ತಾರಾ. ಗೀತೆಯ ಹತ್ತನೆಯ ಅಧ್ಯಾಯದಲ್ಲಿ ಸ್ತ್ರೀವಿಭೂತಿಗಳ ನಡುವೆ ಬರುವ ಮೇಧಾ. ಶಾಂತಿ, ಇಂದಿರಾ, ನಂದಿನೀ, ಮಾಲಿನೀ. ಇವನ್ನು ಅಲ್ಲಿಯವರು ಒಂದೆರಡು ಬಾರಿ ಕೇಳಿ ಹೇಳಬಲ್ಲರು. ಇಲ್ಲಿ ಅರ್ಥವನ್ನು ಯಾರೂ ಕೇಳಬೇಕಾಗಿಲ್ಲ. ಮೇಧಾ ಎಂಬಲ್ಲಿ ಮಹಾಪ್ರಾಣ ಹೋದರೂ ಹೆಸರಿನ ಗುರುತು ಹೋಗುವುದಿಲ್ಲ.

ಸರಕಾರದ ನಿಯಮಗಳು

ನಮ್ಮ ದೇಶದಲ್ಲಿ 1969ರ ಜನನ ಮರಣ ನೋಂದಣಿ ಕಾಯಿದೆಯಂತೆ ಜನನವನ್ನು 21 ದಿನಗಳೊಳಗೆ ತಿಳಿಸಬೇಕು. ಹೆಸರನ್ನು 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಆದುದರಿಂದ ಇಲ್ಲಿ ನಾಮಕರಣಕ್ಕೆ ಅವಸರವಿಲ್ಲ. ಜರ್ಮನಿಯಲ್ಲಿ ಜನನವನ್ನು ಒಂದು ವಾರದೊಳಗೆ ತಿಳಿಸಬೇಕಾದರೂ, ಹೆಸರು ಆಗ ನಿಶ್ಚಯವಾಗಿರದಿದ್ದರೆ ಒಂದು ತಿಂಗಳೊಳಗೆ ತಿಳಿಸಲು ಅವಕಾಶವಿದೆ. ಇಂಗ್ಲೆಂಡಿನಲ್ಲಿ ನೋಂದಣಿಗೆ 42 ದಿನಗಳ ಅವಧಿ. ಅಮೆರಿಕಾದಲ್ಲಿ ಮಾತ್ರ ಸಾಮಾನ್ಯವಾಗಿ ತಾಯಿ ಮಗು ಆಸ್ಪತ್ರೆಯಿಂದ ಮನೆಗೆ ಹೊರಡುವ ಮೊದಲೇ ಪತ್ರದಲ್ಲಿ ಹೆಸರನ್ನು ಕೇಳುತ್ತಾರೆ. ಅಲ್ಲಿರುವವರು ವ್ಯಾವಹಾರಿಕನಾಮವನ್ನು ಮೊದಲೇ ನಿಶ್ಚಯಿಸಿಕೊಂಡಿದ್ದು, ಹನ್ನೆರಡನೆಯ ದಿನ ಸಂಸ್ಕಾರಪೂರ್ವಕ ಕಿವಿಯಲ್ಲಿ ಹೇಳುವುದು ಯುಕ್ತ.

ಕೆಲವು ದೇಶಗಳಲ್ಲಿ ಅಧಿಕಾರಿಗಳು ಹೆಸರನ್ನು ಪರಿಶೀಲಿಸುವರು. ಜರ್ಮನಿಯಲ್ಲಿ ಭಾರತೀಯ ಮೂಲದ ತಂದೆತಾಯಿಗಳು ಮಗಳಿಗೆ ‘ಕಿರಣ್’ ಎಂದು ಹೆಸರಿಟ್ಟಾಗ, ಅದು ಹೆಣ್ಣೋ ಗಂಡೋ ತಿಳಿಯದೆಂದು ಅಧಿಕಾರಿಗಳು ಒಪ್ಪಲಿಲ್ಲ. ವಿಷಯ ಅಲ್ಲಿಯ ಸಂವಿಧಾನ ನ್ಯಾಯಾಲಯದವರೆಗೆ ಹೋಯಿತು. ಹೆಸರಿನಿಂದಲೇ ಲಿಂಗ ತಿಳಿಯಬೇಕೆಂಬ ನಿಯಮವು ಕಾನೂನಿನಲ್ಲಿಲ್ಲವೆಂದು 2008ರಲ್ಲಿ ಆ ನ್ಯಾಯಾಲಯವು ತಂದೆತಾಯಿಗಳ ಪರವಾಗಿ ತೀರ್ಪು ಕೊಟ್ಟಿತು. ನಮ್ಮ ಒಂದು ಸಾಮಾನ್ಯ ಹೆಸರಿಗಾಗಿ ಒಂದು ಕುಟುಂಬ ಅಷ್ಟು ದೂರ ನಡೆಯಬೇಕಾಯಿತು! ಆಕಾರಾಂತವಾದ ಹೆಸರನ್ನು ವಿಧಿಸಿದ ಗೃಹ್ಯಸೂತ್ರದ ಮಾತು ಇಲ್ಲಿಯೂ ನೆನಪಾಗುತ್ತದೆ. ಯೂರೋಪಿನ ಭಾಷೆಗಳಲ್ಲಿಯೂ ಹೆಣ್ಣಿನ ಹೆಸರುಗಳು ಬಹುಮಟ್ಟಿಗೆ ಆಕಾರಾಂತವೇ.

ಪಂಚಾಂಗ ನೋಡುವವರಿಗೆ ಒಂದು ಸೂಚನೆ. ಚಂದ್ರನು ನಕ್ಷತ್ರಪಾದವನ್ನು ಪ್ರವೇಶಿಸುವ ಕ್ಷಣ ಭೂಮಿಗೆಲ್ಲ ಒಂದೇ. ಗಡಿಯಾರ ಮಾತ್ರ ಬೇರೆ. ಜರ್ಮನಿಯಲ್ಲಿ ಚಳಿಗಾಲದ ರಾತ್ರಿ 10 ಗಂಟೆಗೆ ಜನಿಸಿದ ಶಿಶುವಿಗೆ ನಮ್ಮ ಗಡಿಯಾರದಲ್ಲಿ ಮರುದಿನ ಬೆಳಗಿನ ಜಾವ 2 ಗಂಟೆ 30 ನಿಮಿಷ. ಒಂದು ನಕ್ಷತ್ರಪಾದದ ಅವಧಿ ಸುಮಾರು 6 ಗಂಟೆಗಳಾದುದರಿಂದ ಈ ನಾಲ್ಕೂವರೆ ಗಂಟೆಯನ್ನು ಮರೆತರೆ ಪಾದವೇ ತಪ್ಪಿಹೋದೀತು. ಜನನಕಾಲವನ್ನು ಭಾರತೀಯ ಕಾಲಕ್ಕೆ ತಿರುಗಿಸಿಕೊಂಡು ಇಲ್ಲಿಯ ಪಂಚಾಂಗವನ್ನು ನೋಡಬೇಕು. ಹನ್ನೊಂದು ಹನ್ನೆರಡು ಎಂದು ದಿನಗಳನ್ನು ಎಣಿಸುವಾಗ ಮಾತ್ರ ಶಿಶು ಇರುವ ಊರಿನ ಸೂರ್ಯೋದಯವನ್ನೇ ಹಿಡಿಯಬೇಕು.

‘ಮಾಯಾ’ ಎಂಬ ಹೆಸರು

ಈಗ ಮೊದಲಿನ ಪ್ರಶ್ನೆಗೆ ಬರೋಣ. ಜರ್ಮನಿಯಲ್ಲಿ ಈ ಧ್ವನಿಯ ಹೆಸರು ಮನೆಮಾತು. 1912ರಲ್ಲಿ ಪ್ರಕಟವಾದ ‘ಮಾಯಾ’ ಎಂಬ ಜೇನುಹುಳುವಿನ ಕಥೆಯನ್ನು ಅಲ್ಲಿಯ ಮಕ್ಕಳು ಇಂದಿಗೂ ಬಲ್ಲರು. ಹೀಗಾಗಿ ಆ ಹೆಸರನ್ನು ಕೇಳಿದೊಡನೆ ಅಲ್ಲಿಯ ಅಜ್ಜಿಗೆ ಪುಟ್ಟ ಜೇನು ನೆನಪಾಯಿತು. ಇಲ್ಲಿಯ ಅಜ್ಜನಿಗೆ ಮಾಯಾವಾದ ನೆನಪಾಯಿತು!

ನಾವು ಅಜ್ಜನವರಿಗೆ ಹೇಳಿದುದು ಇಷ್ಟು. ಜಗತ್ತು ಮಿಥ್ಯೆ ಎಂಬ ವಾದವನ್ನು ಆಚಾರ್ಯರು ಖಂಡಿಸಿದರು. ಮಾಯಾ ಎಂಬ ಶಬ್ದವನ್ನು ಖಂಡಿಸಲಿಲ್ಲ. ಆ ಶಬ್ದವನ್ನು ಪರವಾದಿಗಳಿಗೆ ಬಿಟ್ಟುಕೊಡದೆ, ಅದಕ್ಕೆ ಭಗವಂತನ ಪ್ರಜ್ಞೆ, ಭಗವಂತನ ಇಚ್ಛೆ ಎಂಬ ಅರ್ಥವನ್ನು ತೋರಿಸಿಕೊಟ್ಟರು. ಭಗವಂತನು ತನ್ನ ಪ್ರಜ್ಞೆಯಿಂದ ಅರಿತು ರಕ್ಷಿಸುತ್ತಿರುವುದರಿಂದಲೇ ಈ ಜಗತ್ತು ಭ್ರಾಂತಿಯಲ್ಲ, ಸತ್ಯ ಎಂಬುದು ವಿಷ್ಣುತತ್ತ್ವವಿನಿರ್ಣಯದ ಸಾರ. ಅಷ್ಟೇ ಅಲ್ಲ. ಭಗವಂತನ ಚತುರ್ಮೂರ್ತಿಗಳಿಗೆ ಲಕ್ಷ್ಮೀದೇವಿಯು ನಾಲ್ಕು ರೂಪಗಳಿಂದ ಪತ್ನಿಯಾಗಿದ್ದಾಳೆ. ಅನಿರುದ್ಧನಿಗೆ ಶಾಂತಿ, ಪ್ರದ್ಯುಮ್ನನಿಗೆ ಕೃತಿ, ಸಂಕರ್ಷಣನಿಗೆ ಜಯಾ. ಮೋಕ್ಷಪ್ರದನಾದ ವಾಸುದೇವನಿಗೆ ಪತ್ನಿಯಾದ ರೂಪದ ನಾಮವೇ ಮಾಯಾ. ವಾಸುದೇವನೆಂದು ಆಚಾರ್ಯರಿಗೆ ತಂದೆತಾಯಿಗಳು ಇಟ್ಟ ಹೆಸರು. ಆ ವಾಸುದೇವನ ರಾಣಿಯ ಹೆಸರು ಈ ಮಗುವಿಗೆ ಬಂದರೆ ನಮಗೆ ನೋವೇಕೆ?

ಅಜ್ಜನವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಇಷ್ಟು ವರ್ಷ ಪಾಠ ಕೇಳಿದವನು ನಾನು. ಇದನ್ನು ಬಲ್ಲೆ. ಆದರೂ ಆ ಹೊತ್ತಿಗೆ ನೆನಪಾಗಲಿಲ್ಲ” ಎಂದರು. ಸಿಟ್ಟು ಹೆಸರಿನ ಮೇಲಿರಲಿಲ್ಲವೆಂಬುದು ಅವರಿಗೂ ತಿಳಿದಿತ್ತು; ನಾವು ಅದನ್ನು ಎತ್ತಿ ಆಡಲಿಲ್ಲ.

ಅಜ್ಜಿಯವರ ಆಸೆಯೂ ವ್ಯರ್ಥವಾಗಬೇಕಾಗಿರಲಿಲ್ಲ. ಇಂದಿರಾ ಎಂಬುದು ಮೂರು ಅಕ್ಷರಗಳ, ಆಕಾರಾಂತವಾದ, ಲಕ್ಷ್ಮೀದೇವಿಯ ನಾಮ. ಗೃಹ್ಯಸೂತ್ರಗಳ ಲಕ್ಷಣವೆಲ್ಲ ಅದರಲ್ಲಿದೆ. ಜರ್ಮನಿಯಲ್ಲಿ ಒಂದಕ್ಕಿಂತ ಹೆಚ್ಚು ಹೆಸರುಗಳನ್ನು ನೋಂದಾಯಿಸಲು ಅವಕಾಶವಿರುವುದರಿಂದ ಎರಡನೆಯ ಹೆಸರಾಗಿ ಅದನ್ನು ಸೇರಿಸಬಹುದೆಂದು ನಾವು ಸೂಚಿಸಿದೆವು. ಅಂದು ರಾತ್ರಿಯೇ ಅಜ್ಜನವರು ತಾವಾಗಿ ಮಗಳಿಗೆ ಕರೆ ಮಾಡಿದರಂತೆ.

ಗಮನದಲ್ಲಿಡಬೇಕಾದ ಅಂಶಗಳು

1. ಹೆಸರು ಭಗವಂತನನ್ನೋ ಲಕ್ಷ್ಮೀದೇವಿಯನ್ನೋ ಅವರ ಪರಿವಾರವನ್ನೋ ನೆನಪಿಗೆ ತರಲಿ. ಅರ್ಥವನ್ನು ಹಿರಿಯರು ಬರೆದು ಕಳುಹಿಸಲಿ. ಮಗು ಬೆಳೆದು “ನನ್ನ ಹೆಸರೇಕೆ ಹೀಗೆ?” ಎಂದು ಕೇಳಿದಾಗ ಹೇಳಲು ತಾಯಿಗೆ ಅದು ಬೇಕಾಗುತ್ತದೆ.

2. ಆ ದೇಶದ ಇಬ್ಬರು ಮೂವರಿಗೆ ಹೆಸರನ್ನು ಬರೆದು ತೋರಿಸಿ ಓದಿಸಬೇಕು. ಅವರ ಭಾಷೆಯಲ್ಲಿ ಕೆಟ್ಟ ಅರ್ಥ ಬರುವುದೇ ಎಂದು ಕೇಳಬೇಕು.

3. ರೋಮನ್ ಲಿಪಿಯಲ್ಲಿ ಒಂದೇ ಬಗೆಯ ಕಾಗುಣಿತವನ್ನು ನಿಶ್ಚಯಿಸಿ ಎಲ್ಲ ಪತ್ರಗಳಲ್ಲಿಯೂ ಅದನ್ನೇ ಬಳಸಬೇಕು. ಕನ್ನಡದಲ್ಲಿಯೂ ಒಮ್ಮೆ ಬರೆದು ಮನೆಯಲ್ಲಿಡಬೇಕು.

4. ಮಾಸನಾಮ, ನಕ್ಷತ್ರನಾಮಗಳನ್ನು ಬಿಡಬಾರದು. ಅವು ಸರಕಾರದ ಪುಸ್ತಕದಲ್ಲಿ ಇಲ್ಲದಿದ್ದರೂ ಸಂಕಲ್ಪದಲ್ಲಿ ಇರಲಿ.

5. ಇನ್ನೊಂದು ಕಡೆಯ ಅಜ್ಜ ಅಜ್ಜಿಯರನ್ನೂ ಕೇಳಬೇಕು. ಅವರೂ ಮಗುವನ್ನು ಕರೆಯುವವರೇ.

ಜನ ಸೇರಲಿಲ್ಲ, ಛತ್ರವಿಲ್ಲ, ಪುರೋಹಿತರ ಗುಂಪಿಲ್ಲ ಎಂದು ಹೊರನಾಡಿನಲ್ಲಿರುವವರು ಕೊರಗಬೇಕಾಗಿಲ್ಲ. ಶ್ರೀಕೃಷ್ಣ ಬಲರಾಮರ ನಾಮಕರಣವು ಕಂಸನಿಗೆ ತಿಳಿಯದಂತೆ ಗೋಕುಲದ ಗೋಶಾಲೆಯಲ್ಲಿ ಗುಟ್ಟಾಗಿ ನಡೆಯಿತೆಂದು ಭಾಗವತದ ದಶಮಸ್ಕಂಧ ಹೇಳುತ್ತದೆ. ಗರ್ಗಾಚಾರ್ಯರು ಹೆಸರಿಟ್ಟರು, ವಾದ್ಯವಿಲ್ಲ, ಬಂಧುಜನವಿಲ್ಲ. ಆದರೆ ಆ ಹೆಸರು ಲೋಕಗಳನ್ನೆಲ್ಲ ತುಂಬಿತು.

ಹನ್ನೆರಡನೆಯ ದಿನದ ವೃತ್ತಾಂತವನ್ನು ಆ ದಂಪತಿಗಳು ಬಂದು ತಿಳಿಸಿದರು. ಶಿಶುವಿನ ತಂದೆ ತಾನು ಮಲಗಿ ಬೆಳೆದ ಮರದ ತೊಟ್ಟಿಲನ್ನು ತನ್ನ ತಾಯಿಯ ಮನೆಯಿಂದ ತಂದಿದ್ದನು. ಇಲ್ಲಿ ಅಜ್ಜಿಯವರು ತಟ್ಟೆಯಲ್ಲಿ ಅಕ್ಕಿ ಹರಡಿ ಅತ್ತೆಯವರ ಉಂಗುರದಿಂದ ಹೆಸರನ್ನು ಬರೆದು ದೂರವಾಣಿಯ ಪರದೆಗೆ ಹಿಡಿದರು. ಅಲ್ಲಿ ಮಗಳು ಅದನ್ನು ಓದಿ ಮಗುವಿನ ಕಿವಿಯಲ್ಲಿ ಮೂರು ಸಲ ಹೇಳಿದಳು. ಅಲ್ಲಿಯ ಅಜ್ಜಿ ತೊಟ್ಟಿಲು ತೂಗುತ್ತ “ಮಾಯಾ” ಎನ್ನುತ್ತಿದ್ದರು. ಇಲ್ಲಿಯ ಅಜ್ಜಿ “ಇಂದಿರಾ” ಎನ್ನುತ್ತಿದ್ದರು. ಎರಡು ದನಿಗಳೂ ಒಂದೇ ತಾಯಿಯ ಹೆಸರನ್ನು ಹೇಳುತ್ತಿದ್ದವೆಂದು ಅಜ್ಜನವರು ನಮಗೆ ತಿಳಿಸಿ, ಆ ದಿನದ ನೈವೇದ್ಯಕ್ಕೆಂದು ಒಂದು ಸೇರು ಸಕ್ಕರೆಯನ್ನು ದೇವರ ಮುಂದಿಟ್ಟು ಹೋದರು.

॥ ಶ್ರೀಕೃಷ್ಣಾರ್ಪಣಮಸ್ತು ॥